ಸಂಕಮ್ಮನ ಗುಡಿಸಲಿನ ಒಳಗಿನಿಂದ: ಒಂಬತ್ತನೇ ಕ್ಲಾಸಿನ ಕಥೆ ಬರವಣಿಗೆ, ಇಲ್ಲಿಯವರೆಗೆ

ಜೂನ್, ಕೊನೆಯ ವಾರ

ಈ ವರ್ಷ ಶುಕ್ರವಾರದ ಕೊನೆಯ ಪೀರಿಯಡ್ ನನಗೆ ಸಿಕ್ಕಿದೆ. ಒಂಬತ್ತನೇ ಕ್ಲಾಸು, 41 ಮಕ್ಕಳು. ನಮ್ಮ ಶಾಲೆ ಇರುವುದು ಹನೂರು ತಾಲ್ಲೂಕಿನಲ್ಲಿ. ಇಲ್ಲಿ ಮಾದಪ್ಪನ, ಅಂದರೆ ಬೆಟ್ಟದ ಮಲೆ ಮಹದೇಶ್ವರನ, ಕಥೆ ಕೇಳದೆ ಬೆಳೆದ ಮಕ್ಕಳು ಕಡಿಮೆ. ಹಾಗಾಗಿ ಪುರಾಣದ ಕಥೆಗಳನ್ನೇ ಹಿಡಿದುಕೊಂಡು ಕಥೆ ಬರೆಯುವುದನ್ನು ಕಲಿಸೋಣ ಅಂತ ಹೊರಟಿದ್ದೇನೆ. ಬರೆದದ್ದು ವರಾಂಡದ ಗೋಡೆ ಪತ್ರಿಕೆಗೆ ಹೋಗುತ್ತದೆ. ನಡೆದದ್ದನ್ನು ಆಗಾಗ ಇಲ್ಲಿ ಬರೆದಿಡುತ್ತೇನೆ. ಬೇರೆ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬಂದರೆ ಸಂತೋಷ.

ಮೊದಲ ವಾರ ಒಂದೇ ಕೆಲಸ ಕೊಟ್ಟೆ. ಸಂಕಮ್ಮನ ಕಥೆ ಬರೆಯಿರಿ ಅಂದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಂಕಮ್ಮ ಕಾಡಿನ ಬುಡಕಟ್ಟಿನವರಾದ ಸೋಲಿಗರ ನೀಲೇಗೌಡನ ಹೆಂಡತಿ. ಅವನು ಜೇನುಮಲೆಗೆ ಹೊರಡುತ್ತಾನೆ. ಹೊರಡುವ ಮುಂಚೆ, ನಾನಿಲ್ಲದಾಗ ತಪ್ಪು ನಡೆಯುವುದಿಲ್ಲ ಅಂತ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಅವನು ಕಾಡಿನ ನಡುವೆ ಗುಡಿಸಲು ಹಾಕಿ, ಅವಳನ್ನು ಕಟ್ಟಿಹಾಕಿ ಹೋಗುತ್ತಾನೆ. ಅವಳು ಮಾದಪ್ಪನನ್ನು ಕರೆಯುತ್ತಾಳೆ. ಅವನು ಬಂದು ಕಟ್ಟು ಬಿಡಿಸುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಆ ಮಕ್ಕಳೇ ಕಾರಯ್ಯ, ಬಿಲ್ಲಯ್ಯ.

ನೋಟ್‌ಬುಕ್ ತೆರೆದಾಗ ಬೇಜಾರಾಯಿತು. 38 ಮಕ್ಕಳು ಒಂದೇ ಥರ ಬರೆದಿದ್ದರು. 'ಒಂದಾನೊಂದು ಕಾಲದಲ್ಲಿ' ಅಂತ ಶುರು, ಎಂಟು ಹತ್ತು ಸಾಲು, ಕೊನೆಗೆ 'ಈ ಕಥೆಯಿಂದ ತಿಳಿಯುವ ನೀತಿ'. ಭಾಷೆ ಕೇಳುವ ಜಾಗವೇ ಇಡೀ ಕಥೆಯ ಜೀವ. ಅದಕ್ಕೆ ಅರ್ಧ ಸಾಲು. ಸಂಕಮ್ಮ ಏನು ಅಂದಳು, ಯಾಕೆ ಒಪ್ಪಲಿಲ್ಲ, ಒಂದೂ ಇಲ್ಲ.

ಆದರೆ ಅವತ್ತೇ ಊಟದ ಹೊತ್ತಿನಲ್ಲಿ ಬೇರೆಯದೇ ಕಂಡೆ. ಆರು ಸಾಲು ಬರೆದ ಹುಡುಗಿಯೊಬ್ಬಳು ಗೆಳತಿಯರಿಗೆ ಇದೇ ಕಥೆಯನ್ನು ಅವಳ ಅಜ್ಜಿ ಹೇಳಿದ ಹಾಗೆ ಹೇಳುತ್ತಿದ್ದಳು. ನೀಲೇಗೌಡನ ದನಿ ಬೇರೆ, ಸಂಕಮ್ಮನ ದನಿ ಬೇರೆ. ಗುಡಿಸಲಿಗೆ ತಡಿಕೆ ಕಟ್ಟುವುದನ್ನು ಕೈಯಲ್ಲೇ ಮಾಡಿ ತೋರಿಸುತ್ತಿದ್ದಳು. ತಟ್ಟೆಯಲ್ಲಿ ಅನ್ನ ಆರುತ್ತಿದ್ದರೂ ಯಾರೂ ಏಳಲಿಲ್ಲ. ಬಾಯಲ್ಲಿ ಇಷ್ಟು ಚೆನ್ನಾಗಿ ಇರುವುದು ಕೈಗೆ ಬಂದಾಗ ಎಲ್ಲಿ ಹೋಗುತ್ತದೆ? ಈ ವರ್ಷದ ಕೆಲಸ ಇದೇ ಅಂತ ಅನ್ನಿಸಿತು.

ಜುಲೈ, ಎರಡನೇ ವಾರ

ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿದೆ. ಒಬ್ಬರು ಕಥೆ ಹೇಳಬೇಕು, ಇನ್ನೊಬ್ಬರು ಹೂಂಗುಟ್ಟಬೇಕು. ನಮ್ಮ ಮನೆಗಳಲ್ಲಿ ಕಥೆ ಹೇಳುವುದೇ ಹಾಗೆ ಅಲ್ವಾ? ಹೂಂ ನಿಂತರೆ ಅಜ್ಜಿ ಕಥೆ ನಿಲ್ಲಿಸುತ್ತಾಳೆ. ಇಲ್ಲಿ ಒಂದೇ ನಿಯಮ ಸೇರಿಸಿದೆ. ಸುಮ್ನೆ ಹೂಂ ಅನ್ನಬಾರದು. ಕಥೆ ಕಣ್ಣಿಗೆ ಕಾಣದೆ ಹೋದ ಕೂಡಲೇ ಹೂಂ ನಿಲ್ಲಿಸಬೇಕು. ಹೇಳುವವರು ಆ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಮೊದಲ ಸಲ ಗಲಾಟೆ. ಎರಡನೇ ಸಲಕ್ಕೆ ಹಿಡಿತ ಬಂತು. ಹೂಂ ನಿಂತ ಜಾಗಗಳನ್ನು ಬೋರ್ಡಿನ ಮೇಲೆ ಬರೆಸಿದೆ. ಹೆಚ್ಚು ಕಡಿಮೆ ಎಲ್ಲವೂ ಒಂದೇ ಜಾತಿಯವು. 'ತುಂಬಾ ಕಷ್ಟಪಟ್ಟಳು.' 'ಬಹಳ ದುಃಖವಾಯಿತು.' 'ಹೀಗೆ ಅನೇಕ ದಿನಗಳು ಕಳೆದವು.' ಒಬ್ಬ ಹುಡುಗ ಎದ್ದು ನಿಂತು, 'ಸಾರ್, ಕಷ್ಟ ಅಂದ್ರೆ ಏನೂ ಕಾಣಲ್ಲ. ಹಗ್ಗ ಅಂದ್ರೆ ಕಾಣ್ತದ' ಅಂದ. ಅವತ್ತು ನಾನು ಬೇರೆ ಪಾಠ ಮಾಡಲಿಲ್ಲ. ಆ ಮಾತು ಈಗಲೂ ಬೋರ್ಡಿನ ಮೂಲೆಯಲ್ಲಿದೆ. ಅಳಿಸಬೇಡಿ ಅಂತ ಬೇರೆ ಟೀಚರುಗಳಿಗೂ ಹೇಳಿದ್ದೇನೆ.

ಜುಲೈ, ಕೊನೆಯ ವಾರ

ಒಂದು ದೊಡ್ಡ ಪ್ರಶ್ನೆ ಬಂತು. ಕಥೆಯನ್ನು ಬೇರೆ ಥರ ಬರೆಯಬಹುದಾ? ಮಾದಪ್ಪ ಇಲ್ಲಿಯ ಎಷ್ಟೋ ಮನೆಗಳ ದೇವರು. ಹಬ್ಬಕ್ಕೆ ಬೆಟ್ಟಕ್ಕೆ ನಡೆದುಕೊಂಡೇ ಹೋಗುವ ಮನೆಯ ಮಕ್ಕಳು ಇವರು. ಒಬ್ಬ ಹುಡುಗಿಯ ಅಜ್ಜಿ, 'ದೇವ್ರ ಕಥ ಕೈಗ್ ಬಂದಂಗ್ ಬರೀಬ್ಯಾಡ' ಅಂದಿದ್ದರಂತೆ. ನನಗೆ ಆ ಅಜ್ಜಿಯ ಮಾತು ತಪ್ಪು ಅನ್ನಿಸಲಿಲ್ಲ. ಅವರ ಭಯದ ಹಿಂದೆ ಪ್ರೀತಿ ಇದೆ.

ಉತ್ತರಕ್ಕೆ ಪಂಪ, ರನ್ನರ ಹತ್ತಿರ ಹೋದೆ. ಪಂಪ 941ರ ಸುಮಾರಿಗೆ ಮಹಾಭಾರತದ ಕಥೆ ಬರೆದ. ಅವನ ಕಾವ್ಯದಲ್ಲಿ ದ್ರೌಪದಿ ಐವರ ಹೆಂಡತಿ ಅಲ್ಲ, ಅರ್ಜುನನೊಬ್ಬನ ಹೆಂಡತಿ. ಕ್ಲಾಸಿನಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ರನ್ನ. ಅವನ ಗದಾಯುದ್ಧ ನಿಂತಿರುವುದು ಯುದ್ಧದ ಕೊನೆಯ ಹೊತ್ತಿನಲ್ಲಿ. ಹಿಂದೆ ನಡೆದದ್ದೆಲ್ಲ ಅಲ್ಲಿಂದ ಹಿಂತಿರುಗಿ ನೋಡಿದ ಹಾಗೆ ಬರುತ್ತದೆ. ಇದಕ್ಕೆ ಸಿಂಹಾವಲೋಕನ ಅನ್ನುತ್ತಾರೆ. ಸಿಂಹ ನಡೆಯುತ್ತ ನಡೆಯುತ್ತ ಕತ್ತು ತಿರುಗಿಸಿ ಬಂದ ದಾರಿ ನೋಡುತ್ತದಲ್ಲ, ಹಾಗೆ. ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಕೂಗು ಕೇಳಿ ನೀರಿನೊಳಗೇ ಬೆವರುವುದನ್ನು ಹೇಳಿದೆ. 'ನೀರೊಳಗ ಬೆವ್ರು ಹೆಂಗ್ ಗೊತ್ತಾಯ್ತದ ಸಾರ್?' ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. 'ಅವ್ನಿಗ್ ಗೊತ್ತಾಯ್ತದ, ಅವ್ನ ಮೈ ಅಲ್ವಾ' ಅಂತ ಪಕ್ಕದವನೇ ಉತ್ತರ ಕೊಟ್ಟ. ಪಾತ್ರದ ಮೈಯೊಳಗೆ ಹೊಕ್ಕು ಬರೆಯುವುದು ಅಂದರೆ ಏನು ಅಂತ ನಾನು ಅರ್ಧ ಗಂಟೆ ವಿವರಿಸಿದ್ದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಎಲ್ಲರೂ ಸೇರಿ ಒಂದು ಒಪ್ಪಂದ ಮಾಡಿಕೊಂಡೆವು. ಪಂಪನಷ್ಟು ಧೈರ್ಯ ಈ ವರ್ಷ ಬೇಡ. ನಡೆದದ್ದನ್ನು ಬದಲಾಯಿಸುವುದಿಲ್ಲ. ನಾವು ಎಲ್ಲಿ ನಿಂತು ನೋಡುತ್ತೇವೆ ಅನ್ನುವುದನ್ನು ಮಾತ್ರ ಬದಲಾಯಿಸುತ್ತೇವೆ. ಗುಡಿಸಲಿನ ಒಳಗಿನಿಂದಲೋ, ಹೊರಗಿನಿಂದಲೋ, ಜೇನುಮಲೆಯ ದಾರಿಯಿಂದಲೋ. ಅಜ್ಜಿಗೂ ಇದನ್ನು ಹೇಳಿ ಕಳಿಸಿದೆ. ಅವರು ಒಪ್ಪಿದರು.

ಆಗಸ್ಟ್, ಮೂರನೇ ಶುಕ್ರವಾರ

ಇವತ್ತಿನದು ಮರೆಯಲಾರದ ದಿನ. ಹತ್ತಿರದ ಊರಿನಲ್ಲಿ ಕಂಸಾಳೆ ಅನ್ನುವ ಕಂಚಿನ ತಾಳ ಬಾರಿಸಿ ಹಾಡುವ ತಾತ ಇಬ್ಬರು ಜೊತೆಗಾರರನ್ನು ಕರೆದುಕೊಂಡು ಶಾಲೆಗೆ ಬಂದಿದ್ದರು. ಮಾದಪ್ಪನ ಕಥೆ ಹಾಡುವ ದೇವರಗುಡ್ಡರು ಇವರು. ಗುರುವಿನಿಂದ ದೀಕ್ಷೆ ಪಡೆದವರು. ಕಥೆಯ ಒಂದೊಂದು ಭಾಗವನ್ನೂ ಇವರು 'ಸಾಲು' ಅನ್ನುತ್ತಾರೆ. ಶ್ರವಣನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಹೀಗೆ. ಪೂರ್ತಿ ಹಾಡಲು ಒಂದು ರಾತ್ರಿ ಸಾಲದು. ನಾವು ಎರಡು ಗಂಟೆ ಕೇಳಿದ್ದೆವು.

ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಗಡಿಯಾರ ನೋಡಿ, ಯಾವ ಭಾಗಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಬೇಕು. ಆಮೇಲೆ ಲೆಕ್ಕ ನೋಡಿದರೆ ನಾನೇ ಬೆರಗಾದೆ. ಭಾಷೆ ಕೇಳುವ, ಕೊಡೆನೆನ್ನುವ ಜಾಗಕ್ಕೆ 35 ನಿಮಿಷ. ಗಂಡ ಕೇಳುತ್ತಾನೆ, ಅವಳು ಉತ್ತರ ಕೊಡುತ್ತಾಳೆ, ಮತ್ತೆ ಕೇಳುತ್ತಾನೆ. ಒಂದೊಂದು ಸಲಕ್ಕೂ ದನಿ ಸ್ವಲ್ಪ ಬಿಗಿಯಾಗುತ್ತದೆ. ನೀಲೇಗೌಡ ಜೇನುಮಲೆಗೆ ಹೋಗಿ ಸೇರಿದ್ದಕ್ಕೆ? ಎರಡೇ ನಿಮಿಷ. ಮಕ್ಕಳ ನೋಟ್‌ಬುಕ್ಕಿನಲ್ಲಿ ಜೂನ್ ತಿಂಗಳಲ್ಲಿ ಇದ್ದದ್ದು ಸರಿಯಾಗಿ ಇದರ ತಿರುಗುಮುರುಗು.

ಒಬ್ಬಳು ತಾತನನ್ನೇ ಕೇಳಿದಳು. ಅಲ್ಲಿ ಯಾಕೆ ಅಷ್ಟು ಹೊತ್ತು ನಿಂತಿರಿ? ತಾತ ಕಂಸಾಳೆ ಕೆಳಗಿಟ್ಟು ಹೇಳಿದರು, 'ಕೇಳೋರು ಅಲ್ಲೇ ನಿಂತ್ಕತಾರೆ ಕಣವ್ವ. ಅವರ ಬಿಟ್ಟು ನಾ ಮುಂದಕ್ಕ ಹೋಗಕ್ಕಾದದಾ?' ಮಕ್ಕಳು ಬರೆದುಕೊಂಡರು. ನಾನೂ ಬರೆದುಕೊಂಡೆ.

ಕಂಚಿನ ತಾಳದ ಸದ್ದು ಕೇಳಿ ಏಳನೇ ಕ್ಲಾಸಿನವರೆಲ್ಲ ಕಿಟಕಿಗೆ ಬಂದು ನಿಂತಿದ್ದರು. ಮುಂದಿನ ವರ್ಷ ಅವರನ್ನೂ ಒಳಗೆ ಕೂರಿಸಬೇಕು.

ಸೆಪ್ಟೆಂಬರ್, ಮೊದಲ ವಾರ

ಗೋಡೆ ಪತ್ರಿಕೆ ನೆನೆದುಹೋಯಿತು. ರಾತ್ರಿ ಗಾಳಿ ಮಳೆ, ಎರಚಲು ವರಾಂಡದ ಒಳಗೇ ಬಿದ್ದಿದೆ. ಒಂಬತ್ತು ಮಕ್ಕಳ ಕಥೆ ಓದಲು ಬಾರದಷ್ಟು ಕರಗಿತ್ತು. ಇನ್ನೊಂದು ಪ್ರತಿ ತೆಗೆಸಿಟ್ಟಿರಲಿಲ್ಲ. ಅದು ನನ್ನದೇ ತಪ್ಪು. ಒಬ್ಬ ಹುಡುಗ ಅತ್ತೇ ಬಿಟ್ಟ. ಅವನ ಜೊತೆ ಕೂತು, ನೆನಪಿದ್ದಷ್ಟು ಹೇಳು ಅಂದೆ. ಅವನು ಹೇಳಿದ, ನಾನು ಹೂಂಗುಟ್ಟಿದೆ. ಎರಡನೇ ಸಲ ಬರೆದದ್ದು ಮೊದಲನೆಯದಕ್ಕಿಂತ ಚಿಕ್ಕದಾಯಿತು, ಆದರೆ ಗಟ್ಟಿಯಾಗಿದೆ. ಈಗ ಎಲ್ಲರಿಗೂ ಎರಡು ಪ್ರತಿ ಕಡ್ಡಾಯ. ಒಂದು ಗೋಡೆಗೆ, ಒಂದು ಬೀರುವಿಗೆ.

ಸೆಪ್ಟೆಂಬರ್, ಕೊನೆಯ ವಾರ

ಮಾತಿನ ಸಮಸ್ಯೆ. 'ನೀನು ನನಗೆ ಭಾಷೆಯನ್ನು ಕೊಡಬೇಕು' ಅಂತ ನೀಲೇಗೌಡ, 'ನಾನು ಏಕೆ ಕೊಡಬೇಕು' ಅಂತ ಸಂಕಮ್ಮ. ಪುಸ್ತಕದ ಗಂಡ ಹೆಂಡತಿ. ಯಾವ ಮನೆಯಲ್ಲಿ ಹೀಗೆ ಜಗಳವಾಡುತ್ತಾರೆ? ಪಾತ್ರಗಳು ಮನೆಯ ಮಾತೇ ಆಡಲಿ, ಉಳಿದದ್ದು ಪುಸ್ತಕದ ಕನ್ನಡದಲ್ಲಿರಲಿ ಅಂದೆ. ತಪ್ಪು ಅಂತ ಕೆಂಪು ಗೆರೆ ಹಾಕುವುದಿಲ್ಲ ಅಂತ ಮೂರು ಸಲ ಮಾತು ಕೊಡಬೇಕಾಯಿತು. ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. ತಮ್ಮ ಅಮ್ಮನ ಮಾತು ನೋಟ್‌ಬುಕ್ಕಿಗೆ ಬರಬಾರದು ಅಂತ ಇಷ್ಟು ಚಿಕ್ಕ ವಯಸ್ಸಿಗೇ ಅವರ ತಲೆಯಲ್ಲಿ ಕೂತಿದೆ. ಅದನ್ನು ಕೂರಿಸಿದ್ದು ಶಾಲೆಯೇ. ಇದು ನನ್ನನ್ನು ತುಂಬ ದಿನ ಕಾಡಿತು.

ದಸರಾ ರಜೆ ಮುಗಿದ ಮೇಲೆ

ರಜೆಯಲ್ಲಿ ಬರೆದುಕೊಂಡು ಬಂದದ್ದನ್ನು ಓದಿದೆ. ಎರಡು ಸಂಜೆ ಬೇಕಾಯಿತು. 41ರಲ್ಲಿ 26 ಪೂರ್ತಿಯಾಗಿವೆ.

ಒಬ್ಬ ಹುಡುಗ ಬೇವಿನಹಟ್ಟಿ ಕಾಳಮ್ಮನ ಮನೆಯ ಕಿರಿ ಸೊಸೆಯಾಗಿ ಬರೆದಿದ್ದಾನೆ. ಜಂಗಮನ ವೇಷದಲ್ಲಿ ಬಾಗಿಲಿಗೆ ಬಂದ ಮಾದಪ್ಪನಿಗೆ ಭಿಕ್ಷೆ ಹಾಕಲು ಅತ್ತೆ ಬಿಡುವುದಿಲ್ಲ. ಸೊಸೆ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಾಳೆ. ಅವಳಿಗೆ ಬಂದವನು ಯಾರು ಅಂತ ಕಾಣುವುದೇ ಇಲ್ಲ, ದನಿ ಮಾತ್ರ ಕೇಳುತ್ತದೆ. ದೇವರನ್ನು ತೋರಿಸದೆಯೇ ದೇವರನ್ನು ಬಾಗಿಲಲ್ಲಿ ನಿಲ್ಲಿಸಿದ್ದಾನೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಬ್ಬಳು, ಜೂನ್‌ನಲ್ಲಿ ಆರೇ ಸಾಲು ಬರೆದ ಅದೇ ಹುಡುಗಿ, ಗುಡಿಸಲಿನ ಒಳಗಿನ ಒಂದೇ ರಾತ್ರಿಯನ್ನು ನಾಲ್ಕು ಪುಟ ಬರೆದಿದ್ದಾಳೆ. ಶುರು ಹೀಗಿದೆ: 'ತಡಿಕೆ ಸಂದಿಯಿಂದ ಬೆಳಕು ಬಂದು ನನ್ನ ಕಾಲ ಮೇಲೆ ಬಿತ್ತು. ಆಮೇಲೆ ಅದೂ ಹೋಯಿತು.' ಮಾದಪ್ಪ ಬರುವುದಕ್ಕೆ ಮುಂಚೆಯೇ ಕಥೆ ಮುಗಿಯುತ್ತದೆ. ಅವಳು ಬಾಯಿ ತೆರೆದು ಹೆಸರು ಕರೆಯುತ್ತಾಳೆ, ಅಷ್ಟೇ. ಯಾಕೆ ಅಲ್ಲಿಗೇ ನಿಲ್ಲಿಸಿದೆ ಅಂತ ಕೇಳಿದೆ. 'ಆಮ್ಯಾಕ ಬತ್ತಾನ ಅಂತ ಎಲ್ಲರ್ಗೂ ಗೊತ್ತಲ್ಲ ಸಾರ್' ಅಂದಳು.

ಭಾಷೆ ಕೇಳುವ ಜಾಗಕ್ಕೆ ಅವಳ ಸಂಕಮ್ಮ ಆಡುವ ಮಾತು ಒಂದೇ: 'ನಾ ಯಾಕ ಭಾಷ ಕೊಡ್ಬೇಕು? ನೀ ಕೊಟ್ಟಿದ್ದಯ್ಯಾ?' ಕ್ಲಾಸಿನಲ್ಲಿ ಓದಿದಾಗ ಹುಡುಗರು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ನಡೆದ ಚರ್ಚೆ ಬೆಲ್ ಹೊಡೆದರೂ ನಿಲ್ಲಲಿಲ್ಲ.

ಉಳಿದ 15ರ ಬಗ್ಗೆಯೂ ಹೇಳಬೇಕು. ಆರು ಮಕ್ಕಳು ಈಗಲೂ ಸಾರಾಂಶವನ್ನೇ ಬರೆಯುತ್ತಿದ್ದಾರೆ. ಮೂವರಿಗೆ ಕಾಗುಣಿತವೇ ಕಷ್ಟ. ಅವರು ಹೇಳುತ್ತಾರೆ, ಜೊತೆಯವರು ಬರೆದುಕೊಳ್ಳುತ್ತಾರೆ. ಕಥೆ ಅವರದ್ದೇ, ಹೆಸರೂ ಅವರದ್ದೇ. ಉಳಿದವರು ಅರ್ಧ ದಾರಿಯಲ್ಲಿದ್ದಾರೆ.

ದೀಪಾವಳಿ ಆದ ಮೇಲೆ

ಹಬ್ಬಕ್ಕೆ ಎಂಟು ಮಕ್ಕಳು ಮನೆಯವರ ಜೊತೆ ತಾಳಬೆಟ್ಟದಿಂದ ನಡೆದು ಬೆಟ್ಟ ಹತ್ತಿದ್ದರು. ಹಾಲರವಿ ನೋಡಿ ಬಂದಿದ್ದಾರೆ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲುಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ತರುವ ಉತ್ಸವ ಅದು. ಒಬ್ಬಳು ಬರೆದ ಟಿಪ್ಪಣಿಯಲ್ಲಿ ಜನಜಂಗುಳಿ, ದೀಪ, ಉಘೇ ಅನ್ನುವ ಕೂಗು ಯಾವುದೂ ಇಲ್ಲ. ಒಂದು ಪುಟ್ಟ ಹುಡುಗಿಯ ಕತ್ತು ಮಾತ್ರ ಇದೆ. ನೀರು ತುಳುಕದ ಹಾಗೆ ನಡೆಯುವಾಗ ಆ ಕತ್ತು ಹೇಗೆ ಬಿಗಿಯಾಗಿತ್ತು ಅನ್ನುವುದೇ ಒಂದು ಪುಟ. ಇದನ್ನು ಗೋಡೆ ಪತ್ರಿಕೆಯ ನಡುವೆ ಹಾಕಿದ್ದೇನೆ.

ಮುಂದಿನದು ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಕಥೆ. ಜನವರಿಯಲ್ಲಿ ಅವನ ಚಿಕ್ಕಲ್ಲೂರು ಜಾತ್ರೆ ಬರುತ್ತದೆ. ಅಷ್ಟರೊಳಗೆ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿಯ ಕಥೆ ಕೇಳಿಸಬೇಕು. ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ, ಬಾಗಿಲಿಗೆ ಹೋಗಿ ನಿಲ್ಲುವ ಭಾಗವನ್ನು ಆರಿಸಿಕೊಂಡಿದ್ದೇವೆ. ಯಾರು ಎಲ್ಲಿ ನಿಂತು ನೋಡುತ್ತಾರೆ ಅಂತ ಚೀಟಿಯಲ್ಲಿ ಬರೆದು ಕೊಡಿ ಅಂದಿದ್ದೆ. ಕುಲುಮೆ ಊದುವ ಹುಡುಗ ಅಂತ ಹನ್ನೊಂದು ಚೀಟಿ ಬಂದಿವೆ. ಸುತ್ತಿಗೆ ಅಂತ ಎರಡು. ಒಂದು ಚೀಟಿಯಲ್ಲಿ 'ಇನ್ನೂ ಯೋಚ್ನ ಮಾಡ್ತಾ ಇವ್ನಿ, ಸೋಮವಾರ ಹೇಳ್ತೀನಿ' ಅಂತಿದೆ. ಮಳೆಗೆ ಕಥೆ ಕಳೆದುಕೊಂಡು ಅತ್ತ ಹುಡುಗನದು ಅದು.