ಧಾರಣೆ ಆ್ಯಪ್‌ಗೆ ಕಾಂಟ್ಯಾಕ್ಟ್ ಯಾಕೆ? ಕೇಸು ಹಾಕುವ ಮುಂಚೆ

ಅಡಿಕೆ ಧಾರಣೆ ತೋರಿಸುವ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಬೇಕಿಲ್ಲ. ಆದರೂ ಕೇಳುತ್ತದೆ, ನಾವೂ ಕೊಡುತ್ತೇವೆ, ಆಮೇಲೆ ‘ಸಾಲ ಬೇಕಾ ಸಾರ್’ ಫೋನು ಶುರು. ಸಿಟ್ಟಿನಲ್ಲಿ ‘ನನ್ನ ಡೇಟಾ ಕದ್ದರು’ ಎಂದು ದೂರು ಬರೆದರೆ ಅದು ನಿಲ್ಲುವುದು ಕಷ್ಟ. ಕದ್ದದ್ದಕ್ಕೆ ಪುರಾವೆ ಅವರ ಸರ್ವರ್‌ನಲ್ಲಿದೆ. ಪರದೆಯ ಮೇಲೆ ಒಂದು ಹೇಳಿ, ಹಿಂದೆ ಇನ್ನೊಂದು ಮಾಡಿದರು ಅನ್ನುವುದಕ್ಕೆ ಪುರಾವೆ ಮಾತ್ರ ನಿಮ್ಮ ಫೋನಿನಲ್ಲೇ ಸಿಗುತ್ತದೆ.

ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2019ರಲ್ಲಿ ಗೂಗಲ್ ಮೇಲೆ ಹೂಡಿದ ಕೇಸು ಗೆದ್ದದ್ದು ಇದೇ ದಾರಿಯಲ್ಲಿ. ‘ಲೊಕೇಶನ್ ಹಿಸ್ಟರಿ’ ಆಫ್ ಇದ್ದರೂ, ಮೊದಲಿಂದಲೇ ಆನ್ ಆಗಿರುತ್ತಿದ್ದ ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ಮೂಲಕ ಜಾಗದ ಮಾಹಿತಿ ಹೋಗುತ್ತಿತ್ತು. ಅದನ್ನು ಪರದೆ ಸರಿಯಾಗಿ ಹೇಳಲಿಲ್ಲ. 2022ರ ಆಗಸ್ಟ್‌ನಲ್ಲಿ 6 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಅದೇ ಕಂಪನಿ 2016ರಲ್ಲಿ ಬಳಕೆದಾರರ ಒಪ್ಪಿಗೆ ಕೇಳಿ ತೋರಿಸಿದ ‘ಐ ಅಗ್ರೀ’ ನೋಟಿಸಿನ ಮೇಲಿನ ಕೇಸನ್ನು ಅದೇ ಆಯೋಗ ಸೋತಿತು. ನೋಟಿಸು ದಾರಿ ತಪ್ಪಿಸುವಂತಿರಲಿಲ್ಲ ಎಂದು ಕೋರ್ಟು ಕಂಡಿತ್ತು. ಗೆದ್ದದ್ದಕ್ಕಿಂತ ಈ ಸೋಲೇ ನಮಗೆ ಹೆಚ್ಚು ಉಪಯೋಗ: ಪರದೆಯ ಮಾತು ದಾರಿ ತಪ್ಪಿಸುವಂತಿತ್ತು ಎಂದು ತೋರಿಸಲಾಗದಿದ್ದರೆ ಕೇಸು ಬೀಳುತ್ತದೆ.

ಹಾಗಾಗಿ ಮೊದಲ ಕೆಲಸ ಆ್ಯಪ್ ಅಳಿಸುವುದಲ್ಲ. ಬಹಳ ಜನ ಅದನ್ನೇ ಮೊದಲು ಮಾಡುತ್ತಾರೆ. ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ‘ಡೇಟಾ ಸೇಫ್ಟಿ’ ಭಾಗ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ‘ಬೇರೆಯವರ ಜೊತೆ ಹಂಚುವುದಿಲ್ಲ’ ಎಂದು ಅಲ್ಲಿ ಬರೆದಿದ್ದರೆ ಅದು ಆ್ಯಪ್ ಮಾಡಿದವರ ಸ್ವಂತ ಹೇಳಿಕೆ. ಪ್ರೈವೆಸಿ ಪಾಲಿಸಿಯನ್ನು ದಿನಾಂಕ, ವಿಳಾಸ ಕಾಣುವಂತೆ ಪಿಡಿಎಫ್ ಮಾಡಿಡಿ. ನೀವು ನೋಟಿಸು ಕೊಟ್ಟ ವಾರದಲ್ಲಿ ಅದು ಬದಲಾಗಿಬಿಡಬಹುದು. ಯಾವ ಆ್ಯಪ್ ಯಾವ ಅನುಮತಿಯನ್ನು ಯಾವಾಗ ಬಳಸಿತು ಎಂದು ಹೇಳುವ ಫೋನಿನ ‘ಪ್ರೈವೆಸಿ ಡ್ಯಾಶ್‌ಬೋರ್ಡ್’ ಸಾಮಾನ್ಯವಾಗಿ ಕಳೆದ 24 ಗಂಟೆಯ ಲೆಕ್ಕವನ್ನಷ್ಟೇ ತೋರಿಸುತ್ತದೆ, ಅದನ್ನು ಆ ದಿನವೇ ಹಿಡಿಯಬೇಕು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರಿನವರು ನಾಳೆ ಮಾಡೋಣ ಎಂದು ಕೂರಬೇಡಿ. ಈ ಫೈಲುಗಳ ಜೊತೆ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಇಟ್ಟರೆ, ಎದುರಿನ ವಕೀಲರಿಗೆ ಎಳೆದಾಡಲು ಒಂದು ನೆಪ ಕಡಿಮೆ.

ಕಂಪನಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 34ರ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಹೊಸನಗರದವರಿಗೂ ಸೊರಬದವರಿಗೂ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗವೇ ಸಾಕು, ಗ್ರಾಹಕ ದೂರುಗಳ ಸರ್ಕಾರಿ ಪೋರ್ಟಲ್ ಇ-ಜಾಗೃತಿಯಲ್ಲಿ ಆನ್‌ಲೈನ್ ಕೂಡ ಆಗುತ್ತದೆ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನುಬಾಹಿರವಾಗಿ ಬೇರೆಯವರಿಗೆ ದಾಟಿಸುವುದು ಕಲಂ 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿ. ದೂರಿನಲ್ಲಿ ಈ ಕಲಮನ್ನು ಹೆಸರಿಸಿ.

ಕೇಸು ಮುಗ್ಗರಿಸುವುದು ಇನ್ನೊಂದು ಕಡೆ. ಪುಕ್ಕಟೆ ಸೇವೆ ಈ ಕಾಯ್ದೆಯ ‘ಸೇವೆ’ಯೇ ಅಲ್ಲ. ಡೇಟಾವೇ ನಾವು ಕೊಟ್ಟ ಬೆಲೆ ಎಂದು ವಾದಿಸಬಹುದು, ಆದರೆ ಅದೊಂದನ್ನೇ ನಂಬಿಕೊಂಡು ಹೋಗುವುದು ಜೂಜು. ಸಾಲದ ಆ್ಯಪ್‌ನವರು ಪ್ರೊಸೆಸಿಂಗ್ ಫೀ ಹಿಡಿದಿದ್ದರೆ, ಧಾರಣೆ ಆ್ಯಪ್‌ನ ಪ್ರೀಮಿಯಂಗೆ 49 ರೂಪಾಯಿಯನ್ನಾದರೂ ಕಟ್ಟಿದ್ದರೆ ನೀವು ಗ್ರಾಹಕರು. ಆ ಯುಪಿಐ ರಸೀದಿಯೇ ದೂರಿನ ಮೊದಲ ದಾಖಲೆಯಾಗಲಿ. ಊರಿನ ಹತ್ತಾರು ಜನರಿಗೆ ಇದೇ ಆಗಿದ್ದರೆ ಕಲಂ 17ರಡಿ ಜಿಲ್ಲಾಧಿಕಾರಿಗೆ ಬರೆದುಕೊಡಬಹುದು. ಅವರು ವಿಚಾರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸುತ್ತಾರೆ. ಈ ದಾರಿಯನ್ನು ಬಳಸುವವರು ಕಡಿಮೆ, ಯಾಕೋ.

‘ಹೊಸ ಡೇಟಾ ಕಾಯ್ದೆ ಬಂದಿದೆಯಲ್ಲ’ ಅನ್ನುವವರಿಗೆ: 2023ರ ಆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿವರೆಗೂ ಇದೆ, ಸರಿ. ಆದರೆ ಆ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ, ನಿಮಗಲ್ಲ. 2025ರ ನವೆಂಬರ್‌ನಲ್ಲಿ ನಿಯಮ ಬಂದರೂ ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಪರಿಹಾರ ಬೇಕಿದ್ದವರು ಗ್ರಾಹಕ ಆಯೋಗದ 2 ವರ್ಷದ ಕಾಲಮಿತಿಯನ್ನು ನೆನಪಿಟ್ಟುಕೊಳ್ಳಿ. ಆಯೋಗದ ನೋಟಿಸು ಮುಟ್ಟಿದ ಮೇಲೆ ಕಂಪನಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15.