ಯಗಚಿಯಿಂದ ತುಂಗೆಯವರೆಗೆ, ಎರಡನೇ ತರಗತಿಯ ಜೊತೆ

ಶಾಲಾ ಪ್ರವಾಸವೆಂದರೆ ನಮ್ಮ ಕಡೆ ದೇವಸ್ಥಾನಗಳ ಪಟ್ಟಿ. ಹಾಸನದ ಒಂದು ಪ್ರಾಥಮಿಕ ಶಾಲೆಯ ಎರಡು ಮತ್ತು ಮೂರನೇ ತರಗತಿಯ ಮಕ್ಕಳು ಕಳೆದ ಡಿಸೆಂಬರಿನಲ್ಲಿ ಹೊರಟ ಪ್ರವಾಸದ ಪಟ್ಟಿಯಲ್ಲಿ ಮಾತ್ರ ಮೂರು ನದಿಗಳ ಹೆಸರಿದ್ದವು: ಯಗಚಿ, ಭದ್ರಾ, ತುಂಗಾ. ಮಕ್ಕಳನ್ನು ನೋಡಿಕೊಳ್ಳಲು ದೊಡ್ಡವರು ಬೇಕೆಂದು ಅವರ ಶಿಕ್ಷಕಿ ನನ್ನನ್ನೂ ಕರೆದಿದ್ದರು. ಹೊಳೆಯ ಮೀನುಗಳ ಬಗ್ಗೆ ನನಗೆ ಹಳೆಯ ಆಸಕ್ತಿಯಿದ್ದುದರಿಂದ ಒಪ್ಪಿಕೊಂಡೆ.

ಬೇಲೂರಿನ ಬಳಿ ಯಗಚಿಯನ್ನು ಕಂಡಾಗ ಶಿಕ್ಷಕಿ ಬಸ್ಸಿನಲ್ಲೇ ಒಂದು ದೊಡ್ಡ ನಕ್ಷೆಯನ್ನು ಬಿಡಿಸಿದರು. ಯಗಚಿ ಗೊರೂರಿನ ಹತ್ತಿರ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ ಎಂದು ಹೇಳಿ, ಆ ದಾರಿಯುದ್ದಕ್ಕೂ ನೀಲಿ ದಾರವನ್ನು ಅಂಟಿಸಲು ಮಕ್ಕಳಿಗೆ ಕೊಟ್ಟರು. ಚಿಕ್ಕಮಗಳೂರು ದಾಟಿ ಆಲ್ದೂರಿನ ಮೇಲೆ ಬಾಳೆಹೊನ್ನೂರಿನ ಕಡೆಗೆ ಇಳಿಯತೊಡಗಿದಾಗ ದಾರದ ಬಣ್ಣ ಕೆಂಪಾಯಿತು. ಇಲ್ಲಿಂದ ಮುಂದೆ ಬಿದ್ದ ಮಳೆ ಭದ್ರೆಗೆ ಹೋಗುತ್ತದೆ, ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಕೂಡಿಕೊಂಡು ಕೊನೆಗೆ ಕೃಷ್ಣೆಯ ಪಾಲಾಗುತ್ತದೆ. ಎರಡು ದೊಡ್ಡ ನದಿಗಳ ನಡುವಿನ ಗಡಿಯನ್ನು ಬಸ್ಸು ಯಾವ ಸದ್ದೂ ಇಲ್ಲದೆ ದಾಟಿತ್ತು. ಈ ಗಡಿಯ ಮಹತ್ವ ಮಕ್ಕಳಿಗೆ ಆಗ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ತಿಳಿಯಿತು.

ದಾರಿಯುದ್ದಕ್ಕೂ ಕಾಫಿ ಕೊಯ್ಲು ನಡೆದಿತ್ತು. ತೋಟವೊಂದರ ಬಳಿ ಹುಳಿ ವಾಸನೆ ಬಂದು ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ಹಣ್ಣಿನ ಸಿಪ್ಪೆ ತೆಗೆದು ಬೀಜ ತೊಳೆದ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ, ಅದರಲ್ಲಿರುವ ಸಕ್ಕರೆ ಮತ್ತು ಲೋಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಹಳ್ಳದ ಆಮ್ಲಜನಕವನ್ನು ಬಳಸಿಬಿಡುತ್ತವೆ, ಮೀನುಗಳು ಉಸಿರುಗಟ್ಟುತ್ತವೆ. ನೀರಿನೊಳಗೂ ಉಸಿರಾಡುವ ಗಾಳಿ ಇರುತ್ತದೆ ಎಂಬುದೇ ಬಹಳ ಮಕ್ಕಳಿಗೆ ಹೊಸ ಸಂಗತಿಯಾಗಿತ್ತು.

ಬಾಳೆಹೊನ್ನೂರಿನಲ್ಲಿ ಭದ್ರೆಯ ದಡಕ್ಕಿಳಿದೆವು. ಶಿಕ್ಷಕಿ ಎರಡು ಗಾಜಿನ ಜಾಡಿಗಳಲ್ಲಿ ಗುಂಡುಕಲ್ಲು ತುಂಬಿ, ಅದರ ಸಂದುಗಳಿಗೆ ಸಾಸಿವೆ ಹಾಕಿ, ಅವು ಮೀನಿನ ಮೊಟ್ಟೆಗಳೆಂದು ಹೇಳಿದರು. ಒಂದಕ್ಕೆ ತಿಳಿನೀರು, ಇನ್ನೊಂದಕ್ಕೆ ಕೆಮ್ಮಣ್ಣು ಕಲಸಿದ ನೀರು. ಸ್ವಲ್ಪ ಹೊತ್ತಿನಲ್ಲೇ ಎರಡನೆಯ ಜಾಡಿಯ ಸಂದುಗಳು ಮುಚ್ಚಿಹೋಗಿ ಸಾಸಿವೆ ಕಾಣದಾಯಿತು. ಕುದುರೆಮುಖದ ಅದಿರಿನ ಗಣಿ ನಡೆಯುತ್ತಿದ್ದಾಗ ಮಳೆಗಾಲದಲ್ಲಿ ಈ ನದಿಗೆ ಬರುತ್ತಿದ್ದ ಹೂಳಿನ ಕಥೆ ಇದೇ. ಸುಪ್ರೀಂ ಕೋರ್ಟಿನ ಆದೇಶದ ಫಲವಾಗಿ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಏಳು ವರ್ಷದ ಮಕ್ಕಳಿಗೆ ನ್ಯಾಯಾಲಯದ ವಿಚಾರ ಬೇಡವೆಂದು ಶಿಕ್ಷಕಿ ಜಾಡಿಗಳಲ್ಲೇ ಮುಗಿಸಿದ್ದು ನನಗೆ ಸರಿಯೆನಿಸಿತು.

ಶೃಂಗೇರಿಯಲ್ಲಿ ದರ್ಶನ ಮತ್ತು ಊಟ ಮುಗಿಸಿ ತುಂಗೆಯ ಮೆಟ್ಟಿಲುಗಳಿಗೆ ಬಂದಾಗ ಮಕ್ಕಳನ್ನು ಹಿಡಿಯುವುದೇ ಕಷ್ಟವಾಯಿತು. ಮಂಡಕ್ಕಿ ಬಿದ್ದಲ್ಲೆಲ್ಲ ತೋಳುದ್ದದ ಮೀನುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ದೊಡ್ಡ ಹುರುಪೆ, ದಪ್ಪ ತುಟಿ, ಬಾಯಿಯ ಅಕ್ಕಪಕ್ಕದಲ್ಲಿ ಎರಡು ಜೊತೆ ಮೀಸೆ: ಇವು ಮಹಶೀರ್ ಮೀನುಗಳು. ಇವುಗಳ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಬಸವನಹುಳು, ಏಡಿಗಳನ್ನು ಅಲ್ಲಿ ಅರೆದು ನುಂಗುತ್ತವೆ. ದಡದ ಅತ್ತಿಮರದಿಂದ ಬಿದ್ದ ಹಣ್ಣೂ ಇವಕ್ಕೆ ಇಷ್ಟ. ಮಂಡಕ್ಕಿ ಇವುಗಳ ಆಹಾರವಲ್ಲ ಎಂದು ಹೇಳಿ ಶಿಕ್ಷಕಿ ಮಕ್ಕಳ ಕೈಯಲ್ಲಿದ್ದ ಪೊಟ್ಟಣಗಳನ್ನು ಅವರೇ ತಿನ್ನುವಂತೆ ಮಾಡಿದರು. ದೇವರ ಮೀನೆಂಬ ಭಕ್ತಿ ಇಲ್ಲಿ ಬಲೆ, ಗಾಳಗಳನ್ನು ದೂರ ಇಟ್ಟಿದೆ, ಅದು ದೊಡ್ಡ ಉಪಕಾರ; ಆದರೆ ಮೊಟ್ಟೆ ಇಡಲು ಈ ಮೀನಿಗೆ ಹರಿಯುವ ತಿಳಿನೀರಿನ ಗುಂಡುಕಲ್ಲಿನ ಹಾಸು ಬೇಕು, ಅದನ್ನು ಸ್ನಾನಘಟ್ಟದ ಮೆಟ್ಟಿಲು ಒದಗಿಸಲಾರದು.

ಕೊಣನೂರಿನ ಕಡೆಯ ಒಂದು ಹುಡುಗಿ ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದವಳು, "ಮಿಸ್, ಇವು ನಮ್ಮ ರಾಮನಾಥಪುರದಲ್ಲೂ ಇವೆ" ಎಂದಳು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳಿಗೂ ಇದೇ ರಕ್ಷಣೆಯಿದೆ. ಶಿಕ್ಷಕಿ ತಕ್ಷಣ ನಕ್ಷೆ ತೆಗೆದರು. ರಾಮನಾಥಪುರ ನೀಲಿ ದಾರದ ಕಡೆಗಿತ್ತು, ಶೃಂಗೇರಿ ಕೆಂಪು ದಾರದ ಕಡೆಗೆ. ಕೃಷ್ಣೆಯ ನದಿಗಳಿಗೆ ಸೇರಿದ್ದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಸ್ವಂತ ಮೀನು ಬೆನ್ನು ಉಬ್ಬಿದ ಇನ್ನೊಂದು ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಇಂಥದೊಂದು ಮೀನು 120 ಪೌಂಡ್ ತೂಗಿತ್ತು. ಮೀನು ಹೆಚ್ಚಾಗಲಿ ಎಂಬ ಸದುದ್ದೇಶದಿಂದಲೇ ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ದಶಕಗಳ ಹಿಂದೆ ಕಾವೇರಿಗೆ ಬಿಟ್ಟರು. ಬಂದವು ಹೆಚ್ಚಿದವು, ಉಬ್ಬುಬೆನ್ನಿನ ಮೂಲನಿವಾಸಿ ಕುಗ್ಗುತ್ತ ಹೋಯಿತು. 2018ರಲ್ಲಿ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. "ಹಾಗಾದರೆ ಈ ಮೀನು ಕೆಟ್ಟದ್ದಾ?" ಎಂದು ಒಬ್ಬ ಹುಡುಗ ಕೇಳಿದ. ಇಲ್ಲಿ ಇದು ಮನೆಯವನು, ಅಲ್ಲಿ ನೆಂಟ ಎಂದು ಶಿಕ್ಷಕಿ ಹೇಳಿದರು. ಸ್ಥಳೀಯ ಮೀನು ಎಂದರೆ ದೇಶದ ಮೀನಲ್ಲ, ಆ ಹೊಳೆಯ ಮೀನು ಎಂಬುದನ್ನು ಇದಕ್ಕಿಂತ ಸರಳವಾಗಿ ನಾನು ಕೇಳಿಲ್ಲ.

ಮಾರನೆಯ ಬೆಳಿಗ್ಗೆ ಪರಿಚಿತರ ಅಡಿಕೆ ತೋಟದ ಅಂಚಿನ ಹಳ್ಳಕ್ಕೆ ಹೋದೆವು. ಇಡೀ ಪ್ರವಾಸದಲ್ಲಿ ನನಗೆ ಮುಖ್ಯವೆನಿಸಿದ್ದು ಈ ಮೊಣಕಾಲುದ್ದದ ನೀರು. ಚಹಾ ಸೋಸುವ ಜರಡಿ, ಸ್ಟೀಲ್ ತಟ್ಟೆ, ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಇವಿಷ್ಟೇ ಸಲಕರಣೆ. ಕಲ್ಲನ್ನು ಎತ್ತಿದವರು ಅದೇ ಮಗ್ಗುಲಿಗೆ ಮತ್ತೆ ಇಡಬೇಕು, ಒಣ ಕೈಯಲ್ಲಿ ಮೀನನ್ನು ಮುಟ್ಟಿದರೆ ಮೈಮೇಲಿನ ರಕ್ಷಣೆಯ ಲೋಳೆ ಹೋಗುವುದರಿಂದ ಕೈ ಒದ್ದೆ ಮಾಡಿಕೊಳ್ಳಬೇಕು ಎಂಬ ಎರಡು ನಿಯಮಗಳನ್ನು ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸಿದರು. ಒಂದು ಕಲ್ಲಿನ ಅಡಿಯಲ್ಲಿ ಮರಳಿನ ಕಣಗಳನ್ನು ರೇಷ್ಮೆಯಂಥ ನೂಲಿನಿಂದ ಹೊಲಿದುಕೊಂಡ ಪುಟ್ಟ ಕೊಳವೆ ಸಿಕ್ಕಿತು. ತಟ್ಟೆಯಲ್ಲಿಟ್ಟು ಕಾದಾಗ ಕೊಳವೆಯ ಬಾಯಿಂದ ಕಪ್ಪು ತಲೆ, ಆರು ಕಾಲು ಹೊರಬಂದು, ಮನೆಯನ್ನು ಎಳೆದುಕೊಂಡು ನಡೆಯತೊಡಗಿತು. ಅದು ಕ್ಯಾಡಿಸ್ ಎಂಬ ಕೀಟದ ಮರಿ. ಮತ್ತೊಂದು ತಟ್ಟೆಗೆ ಬಂದ ಕುರೂಪಿ ಹುಳು ಮುಂದೆ ಏರೋಪ್ಲೇನ್ ಚಿಟ್ಟೆಯಾಗುತ್ತದೆ ಎಂದಾಗ ಯಾರೂ ನಂಬಲಿಲ್ಲ.

ಡಬ್ಬಿಗೆ ಒಂದು ಬೆರಳುದ್ದದ ಮೀನು ಬಂತು. ಮೇಲಿನಿಂದ ನೋಡಿದರೆ ಮಣ್ಣಿನ ಬಣ್ಣ, ವಿಶೇಷವೇನೂ ಇಲ್ಲ. ಅದು ಡಬ್ಬಿಯ ಗೋಡೆಗೆ ಅಂಟಿಕೊಂಡಾಗ ಮಕ್ಕಳು ಹೊರಗಿನಿಂದ ಅದರ ಹೊಟ್ಟೆಯ ಭಾಗವನ್ನು ನೋಡಿದರು. ಬಾಯಿ ತಲೆಯ ಕೆಳಗಿತ್ತು, ಅದರ ಹಿಂದೆ ಬಚ್ಚಲಿನ ಗೋಡೆಗೆ ಒತ್ತಿ ಅಂಟಿಸುವ ರಬ್ಬರ್ ಬಟ್ಟಲಿನಂಥ ಒಂದು ಬಿಲ್ಲೆ. ಗಾರಾ ಜಾತಿಯ ಈ ಮೀನು ಸೆಳೆತದ ನೀರಿನಲ್ಲಿ ಬಂಡೆಗೆ ಕಚ್ಚಿಕೊಂಡು ಪಾಚಿಯನ್ನು ಕೆರೆದು ತಿನ್ನುತ್ತದೆ. ಹಿಂದಿನ ದಿನ ಮಹಶೀರಿಗೆ ಕೂಗಿದ ಮಕ್ಕಳು ಇದಕ್ಕೆ ಕೂಗಲಿಲ್ಲ; ಸರದಿ ಬಿಟ್ಟುಕೊಡಲು ಮಾತ್ರ ಯಾರೂ ಒಪ್ಪಲಿಲ್ಲ.

ತೋಟದಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಬಂದು ಕುಳಿತರು. ಮುಂಗಾರಿನ ಮೊದಲ ನೆರೆಗೆ ಹೊಳೆಯ ಮೀನು ಹಳ್ಳ, ಗದ್ದೆಗಳಿಗೆ ಹತ್ತಿ ಬರುವುದನ್ನೂ, ಬಿದಿರಿನ ಕೂಣಿ ಇಟ್ಟು ಹತ್ತುಮೀನು ಹಿಡಿಯುವುದನ್ನೂ ಅವರು ಕೈಕರಣದೊಂದಿಗೆ ವಿವರಿಸಿದರು. "ಮೀನು ಯಾಕೆ ಮೇಲೆ ಬರ್ತದೆ ಅಜ್ಜ?" ಎಂಬ ಒಬ್ಬ ಹುಡುಗಿಯ ಪ್ರಶ್ನೆಗೆ, "ಮೊಟ್ಟೆ ಇಡೋಕೆ ಕಣಮ್ಮ" ಎಂದರು. "ಹಿಡಿದರೆ ಮೊಟ್ಟೆ?" ಎಂದು ಆಕೆ ಮತ್ತೆ ಕೇಳಿದಳು. ಅಜ್ಜ ನಕ್ಕು, ಹಿಂದೆ ಹತ್ತುವ ಮೀನೂ ಬಹಳ ಇತ್ತು, ಈಗ ಗದ್ದೆಯೇ ಇಲ್ಲ, ಹತ್ತುವುದೆಲ್ಲಿಗೆ ಎಂದರು. ಅವರ ಉತ್ತರದಲ್ಲಿ ನುಣುಚಿಕೊಳ್ಳುವಿಕೆ ಇದ್ದಷ್ಟೇ ಸತ್ಯವೂ ಇತ್ತು. ಗದ್ದೆಗಳು ಅಡಿಕೆ ತೋಟಗಳಾದ ಕಡೆಯಲ್ಲೆಲ್ಲ ಮೀನು ಮರಿ ಮಾಡುವ ಆಳವಿಲ್ಲದ ನೀರು ಕಡಿಮೆಯಾಗಿದೆ.

ಹಿಂದಿರುಗುವಾಗ ಬಸ್ಸಿನಲ್ಲಿ ಒಬ್ಬ ಹುಡುಗ ತನ್ನ ಮನೆಯ ಅಕ್ವೇರಿಯಮ್ಮಿನ ಸಕ್ಕರ್ ಮೀನು ತುಂಬ ದೊಡ್ಡದಾಗಿದೆ, ಅಪ್ಪ ಅದನ್ನು ಹೇಮಾವತಿಗೆ ಬಿಡೋಣ ಎನ್ನುತ್ತಿದ್ದಾರೆ ಎಂದ. ಶಿಕ್ಷಕಿ ಉತ್ತರಿಸುವ ಮೊದಲೇ ಕೊಣನೂರಿನ ಹುಡುಗಿ, "ಅದು ಯಾವ ದಾರದ್ದು?" ಎಂದು ಕೇಳಿದಳು. ದಕ್ಷಿಣ ಅಮೆರಿಕದ್ದು ಎಂದು ಶಿಕ್ಷಕಿ ಹೇಳಿದರು. ನಕ್ಷೆಯಲ್ಲಿ ಅಷ್ಟು ದೂರದ ಜಾಗವೇ ಇರಲಿಲ್ಲ. ಮೀನನ್ನು ಅಂಗಡಿಗೇ ವಾಪಸು ಕೊಡಬೇಕೆಂದು ಅಪ್ಪನಿಗೆ ಒಂದು ಚೀಟಿ ಬರೆಯುವುದೆಂದು ಮಕ್ಕಳು ತೀರ್ಮಾನಿಸಿದರು. ಚಿಕ್ಕಮಗಳೂರು ಬರುವಷ್ಟರಲ್ಲಿ ಚೀಟಿಯಲ್ಲಿ ಇಡೀ ತರಗತಿಯ ಸಹಿ ಇತ್ತು.