‘ನೆನಪಿದೆಯಾ’ ಎಂದು ಕೇಳದ ದಿನ

‘ನೆನಪಿದೆಯಾ ಅಮ್ಮ?’ ದಿನಕ್ಕೆ ಎಷ್ಟು ಸಲ ಈ ಮಾತು ನನ್ನ ಬಾಯಲ್ಲಿ ಬರುತ್ತಿತ್ತೋ ಲೆಕ್ಕವಿಲ್ಲ. ಹಳೆಯ ಫೋಟೊಗಳನ್ನು ಹರಡಿ, ಇವರು ಯಾರು, ಇದು ಯಾರ ಮದುವೆ, ನಾನು ಯಾರು ಎಂದು ಕೇಳುತ್ತಲೇ ಇರುತ್ತಿದ್ದೆ. ಆಲ್ಜೈಮರ್ ಎಂದು ವೈದ್ಯರು ಹೇಳಿ ಎರಡು ವರ್ಷವಾಗಿತ್ತು. ಕೆದಕುತ್ತಿದ್ದರೆ ನೆನಪು ಉಳಿದೀತು ಎಂಬ ಆಸೆ ನನಗೆ. ಅಮ್ಮ ಸೆರಗಿನ ಅಂಚನ್ನು ಮಡಚುತ್ತ, ಬಿಡಿಸುತ್ತ ಕೂರುತ್ತಿದ್ದಳು. ಒಂದು ದಿನ ಫೋಟೊ ಮಗುಚಿಟ್ಟು, ‘ನನಗೆ ಗೊತ್ತಿಲ್ಲ ಎಂದು ನಿನಗೆ ಗೊತ್ತಲ್ಲ, ಮತ್ತೆ ಯಾಕೆ ಕೇಳುತ್ತೀಯ?’ ಎಂದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆ ದಿನಗಳಲ್ಲೇ ಅಮೆರಿಕದ ರಂಗಕರ್ಮಿ ಆನ್ ಬಾಸ್ಟಿಂಗ್ ಅವರ ಕೆಲಸದ ಬಗ್ಗೆ ಓದಿದೆ. 1996ರಲ್ಲಿ ಮಿಲ್ವಾಕಿಯ ವೃದ್ಧಾಶ್ರಮವೊಂದರಲ್ಲಿ, ಮರೆವಿನ ಕಾಯಿಲೆಯವರ ನೆನಪು ಎಬ್ಬಿಸಲು ಮಾಡಿದ ಪ್ರಯತ್ನಗಳೆಲ್ಲ ಸೋತಾಗ, ಅವರು ಪತ್ರಿಕೆಯೊಂದರಿಂದ ಸಿಗರೇಟು ಜಾಹೀರಾತಿನ ಗಂಡಸಿನ ಚಿತ್ರ ಹರಿದು ತೋರಿಸಿ, ‘ಇವನಿಗೆ ಏನು ಹೆಸರಿಡೋಣ?’ ಎಂದು ಕೇಳಿದರಂತೆ. ಮಾತೇ ಆಡದಿದ್ದವರು ಹೆಸರಿಟ್ಟರು, ಕಥೆ ಕಟ್ಟಿದರು. ಮುಂದೆ ‘ಟೈಮ್‌ಸ್ಲಿಪ್ಸ್’ ಎಂದು ಬೆಳೆದ ಈ ಕ್ರಮದಲ್ಲಿ ತಪ್ಪು ಉತ್ತರವೆಂಬುದೇ ಇಲ್ಲ. ಕಥೆ ಕಟ್ಟುವವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು, ನಡುನಡುವೆ ಓದಿ ಹೇಳುವುದು, ಅಷ್ಟೇ.

ದಸರಾ ಮುಗಿಸಿ ಅಮ್ಮನನ್ನು ಸಾಗರದ ಕಡೆಯ ನಮ್ಮ ಊರಿಗೆ ಕರೆದುಕೊಂಡು ಹೋದೆ. ಜಗುಲಿಯಲ್ಲಿ ನೇತುಹಾಕಿದ್ದ ಹಳೆಯ ಕ್ಯಾಲೆಂಡರ್‌ನಲ್ಲಿ ಎತ್ತಿನ ಗಾಡಿ, ಪಕ್ಕದಲ್ಲಿ ಒಬ್ಬ ಮುದುಕ. ಅದನ್ನು ಅವಳ ಮಡಿಲಲ್ಲಿಟ್ಟೆ.

‘ಇವನಿಗೆ ಏನು ಹೆಸರಿಡೋಣ?’

ತುಂಬ ಹೊತ್ತು ನೋಡಿದಳು. ‘ಹುಚ್ಚಪ್ಪ.’

‘ಎಲ್ಲಿಗೆ ಹೊರಟಿದ್ದಾನೆ?’

‘ಸಂತೆಗೆ. ಎತ್ತು ಬರುವುದಿಲ್ಲ ಎನ್ನುತ್ತದೆ. ಹಳ್ಳದ ಆಚೆ ಹುಲಿ ಇದೆ ಎಂದು ಅದಕ್ಕೆ ಗೊತ್ತು. ಇವನಿಗೆ ಗೊತ್ತಿಲ್ಲ.’

ನಾನು ನೋಟ್‌ಬುಕ್‌ನಲ್ಲಿ ಬರೆಯುತ್ತ ಹೋದೆ. ಹುಚ್ಚಪ್ಪನ ಹೆಂಡತಿ ಉಪ್ಪು ತರಲು ಹೇಳಿದ್ದಳು, ಅವನು ಬಳೆ ತಂದ. ಹುಲಿ ಉಪ್ಪು ತಿಂದಿತು. ಹಿಂದುಮುಂದಿಲ್ಲದ ಕಥೆ. ಆದರೆ ಎರಡು ವರ್ಷದಲ್ಲಿ ಅಮ್ಮ ಒಮ್ಮೆಗೇ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಓದಿ ಹೇಳಿದಾಗ ‘ಬಳೆ ಹಸಿರು, ಅದನ್ನು ಬರೆ’ ಎಂದು ತಿದ್ದಿದಳು.

ನಾವು ಮಲೆನಾಡಿನ ದೀವರ ಸಮುದಾಯದವರು. ದಸರಾ ಕಳೆದು ಬರುವ, ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತೇವೆ. ಅಮ್ಮ ಬರೆದ ಬುಟ್ಟಿ ನೋಡಲು ಒಂದು ಕಾಲದಲ್ಲಿ ಅಕ್ಕಪಕ್ಕದ ಕೇರಿಯವರು ಬರುತ್ತಿದ್ದರು. ಈ ಸಲ ಅತ್ತಿಗೆ ಬರೆಯುತ್ತಿದ್ದಳು. ಅಮ್ಮ ಸುಮ್ಮನೆ ಬಂದು ಪಕ್ಕದಲ್ಲಿ ಕೂತಳು. ಪುಂಡಿ ನಾರಿನ ಕುಂಚವನ್ನು ಎತ್ತಿಕೊಂಡು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು, ನಾರು ಸಮವಾಯಿತು. ಹಿಟ್ಟಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒಮ್ಮೆ ಒರೆಸಿದಳು. ಹೊಸ ನೆನಪುಗಳನ್ನು ಕಟ್ಟಿಕೊಡುವ, ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಈ ಕಾಯಿಲೆಯಲ್ಲಿ ಬೇಗನೆ ಸೊರಗುತ್ತದೆ, ಕೈಗೆ ಪಳಗಿದ ಕೆಲಸದ ನೆನಪು ಮಿದುಳಿನ ಬೇರೆ ಭಾಗಗಳನ್ನು ಆಶ್ರಯಿಸಿ ಹೆಚ್ಚು ಕಾಲ ಉಳಿಯುತ್ತದೆ ಎಂದು ಓದಿದ್ದೆ. ಓದಿದ್ದು ಬೇರೆ, ಆ ಎಳೆ ಅಲುಗಾಡದೆ ಬುಟ್ಟಿಯ ಸುತ್ತ ಹೊರಳಿದ್ದನ್ನು ಕಂಡದ್ದು ಬೇರೆ. ಅತ್ತಿಗೆಯ ಕಣ್ಣು ತುಂಬಿತ್ತು.

ನನ್ನ ಕೈಗೂ ಕುಂಚ ಕೊಟ್ಟಳು. ನನ್ನ ಗೆರೆ ನಡುಗಿತು. ‘ಎಳೆ ಮುಗಿಯುವ ತನಕ ಉಸಿರು ಬಿಡಬೇಡ’ ಎಂದಳು. ಬಾಲ್ಯದಲ್ಲಿ ಹತ್ತು ಸಲ ಕೇಳಿದ್ದ ಮಾತು. ಆಮೇಲೆ ನನ್ನನ್ನು ಅವಳ ತಂಗಿಯ ಹೆಸರಿನಿಂದ ಕರೆದಳು. ನಾನು ತಿದ್ದಲಿಲ್ಲ.

ಬುಟ್ಟಿಯ ಒಂದು ಬದಿ ಮುಗಿಯುವಷ್ಟರಲ್ಲಿ ದಣಿದಳು. ಎಳೆಗಳು ಒಂದರ ಮೇಲೊಂದು ಬಿದ್ದವು. ಕುಂಚವನ್ನು ಏನೆಂದು ತಿಳಿಯದವಳಂತೆ ನೋಡಿ ಕೆಳಗಿಟ್ಟಳು. ಸಂಜೆ ಎಂದಿನಂತೆ ಮನೆಗೆ ಹೋಗಬೇಕೆಂದು ಹಟ ಹಿಡಿದು ಅತ್ತಳು. ಇರುವುದು ಅವಳ ಮನೆಯಲ್ಲೇ. ಚಿತ್ತಾರ ಕಾಯಿಲೆಯನ್ನು ವಾಸಿ ಮಾಡುತ್ತದೆ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಆ ಒಂದು ಗಂಟೆ ಅಮ್ಮ ಯಾವ ಪರೀಕ್ಷೆಗೂ ಕೂತಿರಲಿಲ್ಲ, ನನಗೆ ಕಲಿಸುತ್ತಿದ್ದಳು. ಅರ್ಧಕ್ಕೆ ನಿಂತ ಬದಿಯನ್ನು ಹಾಗೆಯೇ ಬಿಡು ಎಂದೆ. ಅತ್ತಿಗೆ ಒಪ್ಪಿದಳು. ಹುಣ್ಣಿಮೆಯ ನಸುಕಿನಲ್ಲಿ ಅಣ್ಣ ಅದೇ ಬುಟ್ಟಿ ಹೊತ್ತು ಗದ್ದೆಗೆ ಹೋದ.

ಚಿತ್ತಾರ ಬರೆದ ಮರುದಿನ ಬೆಳಿಗ್ಗೆ ಅಮ್ಮ ಉಗುರಿನ ಸಂದಿಯಲ್ಲಿ ಒಣಗಿದ್ದ ಬಿಳಿ ಹಿಟ್ಟನ್ನು ಕೆರೆಯುತ್ತ ಕೂತಿದ್ದಳು. ‘ಇದು ಏನು?’ ಎಂದು ಕೇಳಿದಳು. ‘ನೆನಪಿ...’ ಎಂದು ತುಟಿಯ ತನಕ ಬಂದದ್ದನ್ನು ನುಂಗಿಕೊಂಡೆ. ನೋಟ್‌ಬುಕ್ ತೆಗೆದು ಓದಿದೆ: ‘ಹುಚ್ಚಪ್ಪ ಸಂತೆಗೆ ಹೊರಟ. ಎತ್ತು ಬರುವುದಿಲ್ಲ ಎಂದಿತು.’

ಅಮ್ಮ ಉಗುರು ಕೆರೆಯುವುದನ್ನು ನಿಲ್ಲಿಸಿದಳು.

‘ಆಮೇಲೆ?’ ಎಂದಳು.